ದಿನಕ್ಕೆ ನಾಲ್ಕು ಸಾಲು

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಹೊರಗಿನವರು ನಗೆಯಾಡುತ್ತಾರೆ. ಊರಿನವರೂ ಜೊತೆಗೂಡಿ ನಗುತ್ತಾರೆ. ಕೋಟೆ ಹೊತ್ತು ನಿಂತ ಕಲ್ಲುಗುಡ್ಡ ಹಗಲೆಲ್ಲ ಕಾದು, ರಾತ್ರಿಯೂ ಆ ಕಾವನ್ನು ಬಿಡುತ್ತಲೇ ಇರುತ್ತದೆ. ಬೆಳಿಗ್ಗೆ ಹೋಟೆಲಿನ ಮುಂದೆ ಒಗ್ಗರಣೆ-ಮಿರ್ಚಿ ತಿನ್ನುತ್ತಾ ನಿಂತವರ ಮೊದಲ ಮಾತು ಬಿಸಿಲಿನದ್ದು, ಎರಡನೆಯದು ಮಳೆಯದ್ದು. “ಈ ಸಲ ಮಳಿ ಹೆಂಗೈತಿ?” ಎಂಬ ಪ್ರಶ್ನೆಗೆ ಸಿರುಗುಪ್ಪದಲ್ಲಿ ಒಂದು ಉತ್ತರ, ಕುರುಗೋಡಿನಲ್ಲಿ ಇನ್ನೊಂದು. ಆದರೆ ಕೇಳಿನೋಡಿ: ಹೋದ ವರ್ಷ ಇದೇ ದಿನ ಹೇಗಿತ್ತು? ಅದರ ಹಿಂದಿನ ವರ್ಷ? ಅಲ್ಲಿಗೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ.

ದಿನವೂ ಆಡುವ ಮಾತು ದಿನವೂ ಮರೆತುಹೋಗುತ್ತದೆ. ಅದನ್ನು ಹಿಡಿದಿಡಲು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್, ಹೇಳಲು ಒಬ್ಬ ಅಜ್ಜನೋ ಅಜ್ಜಿಯೋ, ಬರೆಯಲು ಒಬ್ಬ ಮೊಮ್ಮಗನೋ ಮೊಮ್ಮಗಳೋ ಇದ್ದರೆ ಸಾಕು. ದಿನಕ್ಕೆ ನಾಲ್ಕೇ ಸಾಲು: ಮಳೆ, ಕೆಲಸ, ಮನೆ, ಊರು. ಇದರಿಂದ ಏನು ಲಾಭ ಎನ್ನುತ್ತೀರಾ? ನೋಡೋಣ ಬನ್ನಿ.

ಮಳೆಗೂ ಹೆಸರುಂಟು

ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಜೂನ್, ಜುಲೈ ಎಂದಿರುತ್ತದೆ. ನಿಮ್ಮ ಅಜ್ಜ ಮಾತ್ರ ರೋಹಿಣಿ, ಆರಿದ್ರ, ಪುಷ್ಯ ಎನ್ನುತ್ತಾರೆ. ಮೃಗಶಿರಾ ಮಳೆ ಊರ ಬಾಯಲ್ಲಿ ‘ಮಿರಗ’ ಆಗುತ್ತದೆ. ಇದು ಹಳೆಯ ಕಾಲದ ಲೆಕ್ಕಾಚಾರ. ನಕ್ಷತ್ರಗಳು ಇಪ್ಪತ್ತೇಳು. ಸೂರ್ಯ ಅಷ್ಟನ್ನೂ ದಾಟಲು ಒಂದು ವರ್ಷ ಬೇಕು. 365ನ್ನು 27ರಿಂದ ಭಾಗಿಸಿ. ಒಂದೊಂದು ನಕ್ಷತ್ರಕ್ಕೆ ಹದಿಮೂರೂವರೆ ದಿನ ಬರುತ್ತದೆ. ರೋಹಿಣಿ ಮೇ ಕೊನೆಯ ವಾರಕ್ಕೆ, ಮಿರಗ ಜೂನ್ ಎರಡನೇ ವಾರಕ್ಕೆ, ಆಶ್ಲೇಷಾ ಆಗಸ್ಟ್ ಮೊದಲ ವಾರಕ್ಕೆ ಕೂಡುತ್ತದೆ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ, ಆದರೆ ಆರಿದ್ರ ಇಲ್ಲದಿದ್ದರೆ ದರಿದ್ರ, ಮಘೆ ಮಳೆ ಬಂದಷ್ಟೂ ಒಳ್ಳೆಯದು ಮನೆ ಮಗ ಉಂಡಷ್ಟೂ ಒಳ್ಳೆಯದು. ಈ ಗಾದೆಗಳು ಸುಮ್ಮನೆ ಹುಟ್ಟಿದವಲ್ಲ. ತಲೆತಲಾಂತರದಿಂದ ಮೋಡ ನೋಡಿ ಬಿತ್ತಿದವರು ಕಂಡದ್ದನ್ನು ನೆನಪಿಡಲು ಕಟ್ಟಿಕೊಂಡ ಸಾಲುಗಳು ಅವು. ಬರೆಯಲು ಬಾರದವರ ನೋಟ್‌ಬುಕ್ಕು ಎಂದರೆ ಗಾದೆಯೇ.

ಆದರೆ ಗಾದೆಗೆ ಒಂದು ಮಿತಿ ಇದೆ. ಅದು ಎಷ್ಟೋ ವರ್ಷಗಳ ಸಾರವನ್ನು ಹೇಳುತ್ತದೆ, ಈ ವರ್ಷ ಏನಾಯಿತೆಂದು ಹೇಳುವುದಿಲ್ಲ. ಆರಿದ್ರ ಈಗಲೂ ಆರಿದ್ರದಂತೆಯೇ ಸುರಿಯುತ್ತಿದೆಯೇ? ಮಳೆ ಹಿಂದೆ ಸರಿದಿದೆಯೇ, ಮುಂದೆ ಹೋಗಿದೆಯೇ? “ನಮ್ಮ ಕಾಲದಾಗ ಹಿಂಗಿರಲಿಲ್ಲ” ಎಂದು ಅಜ್ಜ ಹೇಳಿದರೆ, ಮೊಮ್ಮಗ ನಂಬಬಹುದು ಅಥವಾ ನಗಬಹುದು. ನೋಟ್‌ಬುಕ್ಕಿದ್ದರೆ ಇಬ್ಬರೂ ಪುಟ ತಿರುಗಿಸಿ ನೋಡಬಹುದು.

ಒಂದು ಗೇಟು, ಮೂರು ಊರು

ಬಳ್ಳಾರಿ ಸೀಮೆಯಲ್ಲಿ ಮನೆಯ ಸುದ್ದಿಗೂ ಊರ ಸುದ್ದಿಗೂ ನಡುವೆ ಗೋಡೆ ಇಲ್ಲ, ಕಾಲುವೆ ಇದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಹತ್ತಿರದ ತುಂಗಭದ್ರಾ ಜಲಾಶಯದಲ್ಲಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಅದು ಆಶ್ಲೇಷಾ ಮಳೆಯ ಸಮಯ. ಜಲಾಶಯ ತುಂಬಿ ನಿಂತಿತ್ತು. ಆ ಒಂದು ಬಾಯಿಂದಲೇ ಸುಮಾರು 35,000 ಕ್ಯುಸೆಕ್ ನೀರು ಹೊರಗೆ ಧುಮುಕತೊಡಗಿತು.

ಮಕ್ಕಳೇ, ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. 35,000 ಕ್ಯುಸೆಕ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳನ್ನು ಸಾಲಾಗಿ ನಿಲ್ಲಿಸಿದರೆ, ನೀವು ಒಂದು ಸಲ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಹತ್ತಾರು ಟ್ಯಾಂಕರ್ ನೀರು ಹೋಗಿರುತ್ತದೆ. ಇದೇ ವೇಗದಲ್ಲಿ ಹರಿದರೆ ಒಂದು ದಿನಕ್ಕೆ ಸುಮಾರು ಮೂರು ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವುಗಳನ್ನೂ ತೆರೆಯಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ಮೇಲೆಯೇ ನಿಂತು, ಸ್ಟಾಪ್ ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿತು. ಮುಂದೆ ಮಳೆ ಕೈಹಿಡಿದು ಜಲಾಶಯ ಮತ್ತೆ ತುಂಬಿದ್ದು ಈ ಸೀಮೆಯ ಪುಣ್ಯ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಪ್ಪತ್ತು ವರ್ಷ ದುಡಿದ ಗೇಟುಗಳು ಹಳೆಯವಾಗಿವೆ, 33 ಗೇಟುಗಳನ್ನೂ ಬದಲಿಸಬೇಕು ಎಂಬ ಮಾತು ಬಂತು. 2025ರ ಮಳೆಗಾಲದಲ್ಲಿ ಮುನ್ನೆಚ್ಚರಿಕೆಯಾಗಿ ಸುಮಾರು 80 ಟಿಎಂಸಿ ನೀರು ಮಾತ್ರ ನಿಲ್ಲಿಸುವ ತೀರ್ಮಾನವಾಯಿತು. ಗೇಟು ಬದಲಿಸಲು ಜಲಾಶಯ ಇಳಿಯಬೇಕಲ್ಲ? ಅದಕ್ಕಾಗಿ ಆ ಸಾಲಿನ ಎರಡನೇ ಬೆಳೆಗೆ ಕಾಲುವೆ ನೀರಿಲ್ಲ ಎಂದಾಯಿತು.

ಪತ್ರಿಕೆಯಲ್ಲಿ ಇದು ಒಂದು ಸಾಲಿನ ಸುದ್ದಿ. ಸಿರುಗುಪ್ಪದ ಗದ್ದೆಯಲ್ಲಿ ಅದರ ಅರ್ಥ ಬೇರೆ. ಎರಡನೇ ಭತ್ತ ಇಲ್ಲವೆಂದರೆ ನಾಟಿ ಹಚ್ಚುವ ಹೆಣ್ಣುಮಕ್ಕಳ ಗುಂಪಿಗೆ ಆ ತಿಂಗಳ ಕೂಲಿ ಇಲ್ಲ, ದನಕ್ಕೆ ಹಸಿ ಹುಲ್ಲು ಕಡಿಮೆ, ರೈಸ್ ಮಿಲ್ಲಿನ ಹಮಾಲರಿಗೆ ಚೀಲ ಕಡಿಮೆ. ಕುರುಗೋಡಿನ ಕಡೆ ಮೆಣಸಿನಕಾಯಿ ಬೆಳೆದು ದೂರದ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವವರು ಕೊನೆಯ ನೀರು ಯಾವತ್ತಿನ ತನಕ ಎಂದು ದಿನ ಎಣಿಸುತ್ತಾರೆ. ಬಳ್ಳಾರಿ ನಗರಕ್ಕೆ ಗದ್ದೆ ಇಲ್ಲದಿರಬಹುದು, ಆದರೆ ಅಲ್ಲೀಪುರದ ಕೆರೆ ತುಂಬಿ ನಲ್ಲಿಗೆ ಬರುವುದೂ ತುಂಗಭದ್ರೆಯ ಕಾಲುವೆ ನೀರೇ. ಜೀನ್ಸ್ ಹೊಲಿಯುವ ಊರಿದು. ಹೊಲಿದ ಬಟ್ಟೆ ತೊಳೆದು ಬಣ್ಣ ತಿಳಿಗೊಳಿಸಲೂ ನೀರೇ ಬೇಕು.

ಗೇಟು ಭದ್ರವಾಗಬೇಕೆಂಬುದೂ ಸರಿ, ಒಂದು ಬೆಳೆ ಹೋದರೆ ಮನೆ ನಡೆಸುವುದು ಕಷ್ಟವೆಂಬುದೂ ಸರಿ. ಇಂಥ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಏನು ಖರ್ಚು ಕಡಿಮೆ ಮಾಡಿದಿರಿ, ಯಾರು ಬೇರೆ ಕೆಲಸ ಹುಡುಕಿಕೊಂಡು ಹೋದರು, ಕೊಟ್ಟಿಗೆಯಲ್ಲಿ ಏನಾಯಿತು ಎಂಬುದನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ. ನೀವೇ ಬರೆಯಬೇಕು.

ಬರೆಯದೆ ಹೋದದ್ದು, ಬರೆದು ಉಳಿದದ್ದು

ಈ ಸೀಮೆಯ ಜನ ಗುರುತು ಬಿಟ್ಟುಹೋಗುವುದರಲ್ಲಿ ಹಿಂದೆ ಬಿದ್ದವರಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ಹೊಸ ಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದರು. ಕುಪ್ಪಗಲ್ಲಿನ ಕರಿಬಂಡೆಗಳ ಮೇಲೆ ಗೂಳಿಗಳ ಚಿತ್ರ ಕುಟ್ಟಿದ್ದಾರೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಅವರ ವಸತಿಯ ಕುರುಹುಗಳು ಉತ್ಖನನದಲ್ಲಿ ಸಿಕ್ಕಿವೆ. ಕುಡತಿನಿಯ ಬೂದಿದಿಬ್ಬವಂತೂ ದನಗಳ ಸಗಣಿ ಸುಟ್ಟು ಸುಟ್ಟು ಬೆಳೆದದ್ದು. ಅಕ್ಷರ ಇರಲಿಲ್ಲ, ಆದರೂ ಅವರ ಕೆಲಸ ಏನಿತ್ತು, ಕೊಟ್ಟಿಗೆಯಲ್ಲಿ ಏನಿತ್ತು ಎಂಬುದು ನಮಗೆ ಗೊತ್ತಾಗುತ್ತದೆ.

ಆಮೇಲೆ ಅಕ್ಷರ ಬಂತು. ದೊಡ್ಡಬಸವೇಶ್ವರನ ಕುರುಗೋಡು ಒಂದು ಕಾಲಕ್ಕೆ ಸಿಂದ ಅರಸರ ಊರು. ಅವರ ಕಾಲದ ಶಾಸನಗಳಿವೆ. ಹಳಗನ್ನಡದ ಶಾಸನಗಳನ್ನು ಓದಿದರೆ ಬರೀ ರಾಜರ ಹೊಗಳಿಕೆ ಎಂದುಕೊಳ್ಳಬೇಡಿ. ಯಾವ ಸಂವತ್ಸರ, ಯಾವ ತಿಥಿ, ಯಾವ ವಾರ, ಯಾರ ಹೊಲದ ಮೇರೆ ಎಲ್ಲಿಗೆ, ಯಾವ ಕೆರೆ ಯಾರು ಕಟ್ಟಿಸಿದರು ಎಂಬುದನ್ನೆಲ್ಲ ಬರೆದಿರುತ್ತಾರೆ. ನಮ್ಮ ನಾಲ್ಕು ಸಾಲಿಗೂ ಅದೇ ಬೇಕು: ದಿನ, ಜಾಗ, ನೀರು, ಹೆಸರು.

ಬರೆಯದೆ ಹೋದದ್ದೂ ಬಹಳ ಇದೆ. 1876ರಿಂದ 78ರ ತನಕ ಬಿದ್ದ ಧಾತು ಸಂವತ್ಸರದ ಬರದಲ್ಲಿ ಬಳ್ಳಾರಿ ಜಿಲ್ಲೆ ತೀರಾ ನಲುಗಿತು. ಸರ್ಕಾರದ ಕಡತದಲ್ಲಿ ಅಂಕಿಗಳಿವೆ. ಆದರೆ ಒಂದು ಮನೆಯವರು ಆ ಎರಡು ವರ್ಷ ಏನು ಉಂಡರು, ಯಾವ ಬೀಜವನ್ನು ಮುಟ್ಟದೆ ಕಾಪಾಡಿದರು ಎಂಬುದು ಆ ಮನೆಯವರೊಂದಿಗೇ ಹೋಯಿತು.

1953ನ್ನೂ ನೋಡಿ. ಅದೇ ವರ್ಷ ತುಂಗಭದ್ರಾ ಅಣೆಕಟ್ಟೆ ನೀರು ಕೊಡತೊಡಗಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿತು; ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಒಂದೇ ವರ್ಷದಲ್ಲಿ ನೀರೂ ಬದಲಾಯಿತು, ರಾಜ್ಯವೂ ಬದಲಾಯಿತು. ಆಗ ಚಿಕ್ಕವರಾಗಿದ್ದ ಅಜ್ಜ-ಅಜ್ಜಿಯರಿಗೆ ಈಗ ಎಂಬತ್ತು ದಾಟಿದೆ. ಕಾಲುವೆಗೆ ಮೊದಲ ನೀರು ಬಂದಾಗ ಊರವರು ಏನೆಂದರು, ಜೋಳದ ಹೊಲ ಭತ್ತದ ಗದ್ದೆಯಾದದ್ದು ಹೇಗೆ, ಆದೋನಿಗೆ ಕೊಟ್ಟ ಅಕ್ಕನ ಮನೆ ಬೇರೆ ರಾಜ್ಯವಾದಾಗ ಏನನ್ನಿಸಿತು? ಈಗಲೇ ಕೇಳಿ ಬರೆದುಕೊಳ್ಳಬೇಕು. ಹತ್ತು ವರ್ಷ ಬಿಟ್ಟು ಕೇಳೋಣವೆಂದರೆ ಹೇಳುವವರು ಇರಬೇಕಲ್ಲ.

ತಗಡಿನ ಡಬ್ಬಿ, ಒಂದು ಸ್ಕೇಲು

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲ ಸಾಲು ಮಳೆಯದ್ದು. ತಳದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಡಬ್ಬಿಯೊಂದನ್ನು ಅಂಗಳದಲ್ಲೋ ಮಾಳಿಗೆಯ ಮೇಲೋ, ಮರ-ಗೋಡೆಗಳಿಂದ ದೂರ, ಗಾಳಿಗೆ ಉರುಳದಂತೆ ಇಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ಎಂದು ನೋಡಿ, ಬರೆದು, ನೀರು ಚೆಲ್ಲಿ ಮತ್ತೆ ಇಡಿ. ಎಂಟೂವರೆಯೇ ಏಕೆ? ನಮ್ಮ ದೇಶದ ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಗೆ ಅಳೆಯುತ್ತದೆ. ಎರಡೂವರೆ ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಅದನ್ನು ‘ಮಳೆಯ ದಿನ’ ಎಂದು ಎಣಿಸುತ್ತದೆ.

ಒಂದು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಸಾವಿರ ಲೀಟರ್! ಬಿಸಿಲೂರಿನಲ್ಲಿ ಅಷ್ಟು ನೀರು ಚರಂಡಿಗೆ ಹೋಗುವುದನ್ನು ಲೆಕ್ಕ ಹಾಕಿದ ಮಗು, ಮನೆಯವರಿಗೆ ತೊಟ್ಟಿ ಇಡಿಸದೆ ಬಿಡುವುದಿಲ್ಲ.

ಉಳಿದ ಮೂರು ಸಾಲು ಹೇಗಿರಬೇಕು? ಜುಲೈ ತಿಂಗಳ ಒಂದು ದಿನದ ಪುಟ ಹೀಗಿರಬಹುದು:

ಮಳೆ: ಪುನರ್ವಸು. ಸಂಜೆ ಮೋಡ ಕಟ್ಟಿತು, ಹನಿ ಬೀಳಲಿಲ್ಲ. ಡಬ್ಬಿ ಒಣಗಿದೆ.
ಕೆಲಸ: ಅಪ್ಪ ಸಸಿಮಡಿ ನೋಡಿಬಂದರು. ಅವ್ವ ಕಳೆ ತೆಗೆಯಲು ಹೋದರು, ಕೂಲಿ ನಾಳೆ.
ಮನೆ: ತಂಗಿಗೆ ಜ್ವರ ಬಿಟ್ಟಿತು. ಆಕಳು ಕರು ಹಾಕಿತು, ಹೆಣ್ಣುಗರು.
ಊರು: ಕಾಲುವೆಗೆ ಈ ವಾರ ನೀರು ಎಂದು ಸುದ್ದಿ. ಇನ್ನೂ ಬಂದಿಲ್ಲ.

ಇಷ್ಟೇ. ಅಲಂಕಾರ ಬೇಡ, ಉಪದೇಶ ಬೇಡ. ಕಂಡದ್ದನ್ನು ‘ಕಂಡೆ’ ಎಂದೂ ಕೇಳಿದ್ದನ್ನು ‘ಸುದ್ದಿ’ ಎಂದೂ ಬೇರೆ ಬೇರೆಯಾಗಿ ಬರೆಯಿರಿ. ಮೊಬೈಲಿನಲ್ಲಿ ಬಂದದ್ದೆಲ್ಲ ನಿಜವಲ್ಲ ಎಂದು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಗೇಟು ಮುರಿದಂಥ ದಿನಗಳಲ್ಲಿ ಗಾಳಿಮಾತು ನೀರಿಗಿಂತ ಜೋರಾಗಿ ಹರಿಯುತ್ತದೆ.

ಹಿರಿಯರಿಗೊಂದು ಮಾತು

ಅಜ್ಜ-ಅಜ್ಜಿಯರೇ, ಓದು ಬರಹ ಬಾರದೆಂದು ಸಂಕೋಚ ಬೇಡ. ನೀವು ಹೇಳಿ, ಮಗು ಬರೆಯಲಿ. ‘ಮಿರಗ’ ಎಂದರೆ ‘ಮೃಗಶಿರಾ’ ಎಂದು ತಿದ್ದಿದರೂ ಬೇಸರ ಬೇಡ, ಎರಡೂ ಪುಟದಲ್ಲಿರಲಿ. ಕಷ್ಟದ ದಿನವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಈ ವರ್ಷ ಎರಡನೇ ಬೆಳೆ ಇರಲಿಲ್ಲ, ಹಬ್ಬಕ್ಕೆ ಬಟ್ಟೆ ತರಲಿಲ್ಲ, ಆದರೂ ಯಾರೂ ಉಪವಾಸ ಮಲಗಲಿಲ್ಲ ಎಂದು ಮಗುವಿನ ಕೈಯಿಂದಲೇ ಬರೆಸಿದರೆ, ಮುಂದೆ ಅದಕ್ಕೂ ಒಂದು ಕಷ್ಟ ಬಂದಾಗ ತಿರುಗಿಸಿ ನೋಡಲು ಒಂದು ಪುಟ ಇರುತ್ತದೆ.

ಮಕ್ಕಳೇ, ನಾಲ್ಕು ದಿನ ಬರೆದು ಐದನೇ ದಿನ ಮರೆತರೆ ನೋಟ್‌ಬುಕ್ಕು ಮೂಲೆಗೆ ಎಸೆಯಬೇಡಿ. ಆರನೇ ದಿನ ಮತ್ತೆ ಶುರು ಮಾಡಿ. ‘ಇವತ್ತು ಏನೂ ಆಗಲಿಲ್ಲ’ ಎನ್ನುವುದೂ ಬರೆಯಬೇಕಾದ ಸಂಗತಿಯೇ. ಅಣೆಕಟ್ಟೆಯ ಕೆಳಗೆ ಬದುಕುವವರಿಗೆ ಅದು ಒಳ್ಳೆಯ ಸುದ್ದಿಯೂ ಹೌದು. ಮೊದಲ ಪುಟದಲ್ಲಿ ನಿಮ್ಮ ಊರಿನ ಹೆಸರು, ಹೇಳಿದವರ ಹೆಸರು, ಬರೆದವರ ಹೆಸರು ಮೂರೂ ಇರಲಿ. ನಾಳೆ ಬೆಳಿಗ್ಗೆ ಎಂಟೂವರೆಗೆ ಡಬ್ಬಿ ನೋಡುವುದನ್ನು ಮರೆಯಬೇಡಿ.