ಈ ಸೀನು ಕತ್ತರಿಸಬೇಡ

ಕೋಗಿಲು ಕ್ರಾಸಿನಲ್ಲಿ ಬಸ್ಸಿಳಿದು, ಬಳ್ಳಾರಿ ರಸ್ತೆಯ ಮೆಟ್ರೊ ಕಂಬಗಳಿಗೆ ಬೆನ್ನು ಹಾಕಿ ಒಳಗೆ ನಡೆದರೆ ಟೀ ಅಂಗಡಿ, ಮೊಬೈಲ್ ರಿಪೇರಿ, ತರಕಾರಿ ಗಾಡಿ, ಹಾರ್ಡ್‌ವೇರ್ ಅಂಗಡಿಯ ಮುಂದೆ ಒರಗಿಸಿಟ್ಟ ಪೈಪುಗಳು ಇವನ್ನೆಲ್ಲ ದಾಟುವವರೆಗೂ ಮೂಗಿಗೆ ಬರೀ ಧೂಳು. ಆಮೇಲೆ ಒಂದು ತಿರುವಿನಲ್ಲಿ ಗಾಳಿಯೇ ಬೇರೆಯಾಗುತ್ತದೆ. ಯಾರೋ ಧನಿಯಾ ಹುರಿಯುತ್ತಿದ್ದಾರೆ. ಆ ವಾಸನೆಯನ್ನೇ ಹಿಡಿದು ಬನ್ನಿ, ಮನೆ ನಂಬರು ಬೇಕಿಲ್ಲ. ಮೆಟ್ಟಿಲು ಕಿರಿದು, ತಲೆ ಸ್ವಲ್ಪ ಬಗ್ಗಿಸಿ.

ತಾರಸಿಯ ಮೇಲೆ ಹಳೆಯ ಕಾಟನ್ ಸೀರೆಯೊಂದು ಹಾಸಿದೆ. ಅದರ ತುಂಬ ಸುಕ್ಕುಗಟ್ಟಿದ ಬ್ಯಾಡಗಿ ಮೆಣಸಿನಕಾಯಿ, ಅಂಚಿನಲ್ಲಿ ಒಂದು ಮೊರದಷ್ಟು ಗುಂಟೂರು. "ಇದು ಬಣ್ಣಕ್ಕೆ, ಅದು ಖಾರಕ್ಕೆ" ಎನ್ನುತ್ತ ಅತ್ತೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಎಂದು ಲೆಕ್ಕ. ಇಪ್ಪತ್ತು ವರ್ಷದಿಂದ ನೆಂಟರಿಷ್ಟರಿಗೆ ಸಾರಿನ ಪುಡಿ ಮಾಡಿ ಕೊಟ್ಟ ಕೈ ಅದು. ಈಗ ಅದನ್ನೇ ಪ್ಯಾಕೆಟ್ಟು ಮಾಡಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರಿನ ಚೀಟಿ ಅಂಟಿಸಿ ಮಾರುತ್ತಾರೆ. ಮಾರುವುದನ್ನು ಊರಿಗೆಲ್ಲ ತಿಳಿಸುವ ಕೆಲಸ ಸೊಸೆಯದು.

ಸ್ಟ್ಯಾಂಡ್ ಅಂತ ಏನಿಲ್ಲ. ಅಕ್ಕಿ ತುಂಬಿದ ಸ್ಟೀಲ್ ಡಬ್ಬಕ್ಕೆ ಫೋನನ್ನು ಉದ್ದಕ್ಕೆ ನಿಲ್ಲಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಮೊದಲು ಸೆರಗಿನ ತುದಿಯಿಂದ ಲೆನ್ಸ್ ಒರೆಸುತ್ತಾಳೆ. ಅಡುಗೆಮನೆಯ ಫೋನು, ಜಿಡ್ಡು ಹಿಡಿದರೆ ಚಿತ್ರವೆಲ್ಲ ಮಂಜು. ಬಾಣಲೆಯನ್ನು ಕಿಟಕಿಯ ಪಕ್ಕದ ಒಲೆಗೆ ಎಳೆದು, ಟ್ಯೂಬ್‌ಲೈಟ್ ಆರಿಸುತ್ತಾಳೆ. ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಹಬೆಯ ಎಳೆ ಎಳೆ ಕಾಣುತ್ತದೆ.

ಧನಿಯಾ ಬಾಣಲೆಗೆ ಬೀಳುತ್ತದೆ. ಮೊದಲು ಮಳೆಹನಿಯ ಸದ್ದು, ಆಮೇಲೆ ಸೌಟಿನ ಗರಗರ, ಕೊನೆಗೆ ಅಲ್ಲೊಂದು ಇಲ್ಲೊಂದು ಚಟ್ ಎನ್ನುವ ಸಿಡಿತ. ಮೆಂತ್ಯ ಕೆಂಪಗಾಗುತ್ತದೆ, ಜೀರಿಗೆ ಘಮ್ಮೆನ್ನುತ್ತದೆ, ಕರಿಬೇವು ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಗರಿಯಾಗುತ್ತದೆ. ಒಂದೆರಡು ಹನಿ ಹರಳೆಣ್ಣೆ ಸವರಿದ ಮೆಣಸಿನಕಾಯಿ ಬಾಣಲೆಗೆ ಬಿದ್ದದ್ದೇ ತಡ, ಘಾಟು ಎದ್ದು ಸೊಸೆ "ಆಕ್ಷೀ!" ಎಂದಳು. ಫೋನು ಅಲುಗಿತು, ಡಬ್ಬವೂ ಅಲುಗಿತು, ಅತ್ತೆ ಸೌಟು ಹಿಡಿದೇ ಬಿದ್ದು ಬಿದ್ದು ನಕ್ಕರು.

ಮಿಲ್ಲಿಗೆ ಹೋಗಿ ಬಂದು ಕೈಕಾಲು ತೊಳೆದ ಮೇಲೆ ಇಬ್ಬರೂ ಹಾಲಿನ ಚಾಪೆಯ ಮೇಲೆ ಕುಳಿತರು. ನೀವೂ ಗೋಡೆಗೆ ಒರಗಿ ಕೂತುಕೊಳ್ಳಿ, ಈಗ ಇನ್ನೊಂದು ಅಡುಗೆ. ಸೊಸೆ ಈ ವಿದ್ಯೆಯನ್ನು ಕಲಿತದ್ದು ಟಿಕ್‌ಟಾಕ್ ಕಾಲದಲ್ಲಿ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರ ಜೊತೆಗೇ ಅವಳು ಕತ್ತರಿಸಲು ಕಲಿತಿದ್ದ ವಿವಾವಿಡಿಯೊ ಕೂಡ ಹೋಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್‌ನವರು ಇಲ್ಲಿ ರೀಲ್ಸ್ ಶುರು ಮಾಡಿದರು. ಆಗ ಹದಿನೈದೇ ಸೆಕೆಂಡು, ಈಗ ನಿಮಿಷಗಟ್ಟಲೆ ಎಳೆಯಬಹುದು. "ಎಳೆದ್ರೆ ಯಾರ್ ನೋಡ್ತಾರೆ ಅತ್ತೆ?" ಎನ್ನುತ್ತಾಳೆ. ಫೋನಿನಲ್ಲಿ ಹನ್ನೊಂದು ನಿಮಿಷದ ತುಣುಕುಗಳಿವೆ. ಉಳಿಯಬೇಕಾದ್ದು ಅರ್ಧ ನಿಮಿಷ.

ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಈ ಕೆಲಸಕ್ಕೆ 'ಸಂಕಲನ' ಎಂದು ಬರೆಯುತ್ತಾರೆ. ಕೂಡಿಸುವುದು ಅಂತ ಅದರ ಅರ್ಥ. ನಾನು ನೋಡುತ್ತಿದ್ದ ಬೆರಳು ಮಾತ್ರ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬರೀ ತೆಗೆಯುತ್ತಲೇ ಇತ್ತು. ಧನಿಯಾ ಸುರಿಯುವುದಕ್ಕೆ ಮುಂಚಿನ ಖಾಲಿ ಬಾಣಲೆ ಹೋಯಿತು. ಸೌಟು ಮೇಲೇಳುವಾಗ ಒಂದು ತುಣುಕು ಮುಗಿಸಿ, ಕೆಳಗಿಳಿಯುವಾಗ ಇನ್ನೊಂದನ್ನು ಜೋಡಿಸಿದಳು. ನಡುವೆ ಆರು ನಿಮಿಷ ಮಾಯವಾದದ್ದು ಕಣ್ಣಿಗೆ ಗೊತ್ತೇ ಆಗಲಿಲ್ಲ. ಮಿಲ್ಲಿನ ದೃಶ್ಯವನ್ನು ನಾಲ್ಕು ಪಟ್ಟು ಓಡಿಸಿದಳು. ಚೀಟಿಯ ನಂಬರು ಕಾಣುವಲ್ಲಿ ಮಾತ್ರ ಮೂರು ಸೆಕೆಂಡು ಅಲುಗದೆ ನಿಲ್ಲಿಸಿದಳು, ಓದುವವರು ಓದಿಕೊಳ್ಳಲಿ ಅಂತ.

ಯಂತ್ರ ಅವಳಿಗೆ ಗೊತ್ತು, ಆದರೆ ಎಲ್ಲಿ ಕತ್ತರಿಸಬೇಕೆಂದು ಹೇಳುತ್ತಿದ್ದವರು ಅತ್ತೆ. "ಇನ್ನೂ ಹಸೀ ಐತೆ, ಮುಂದಕ್ಕೋಗು… ಹಾಂ, ಆ ಚಟ್ ಅಂತಲ್ಲ, ಅಲ್ಲಿಂದ ಇಟ್ಕೊ." ಧನಿಯಾ ಹದಕ್ಕೆ ಬರುವ ಆ ಎರಡು ಸೆಕೆಂಡನ್ನು ಯಾವ ಆ್ಯಪೂ ಹುಡುಕಿ ಕೊಡಲಾರದು.

ಸೊಸೆ ಬಣ್ಣದ ಫಿಲ್ಟರ್ ಒತ್ತಿದಳು. ಪುಡಿ ಕುಂಕುಮದ ಹಾಗೆ ಉರಿಯಿತು. ಅತ್ತೆಯ ಮುಖ ಗಂಟಾಯಿತು. "ಇದು ನಮ್ ಪುಡಿ ಅಲ್ಲ ಕಣಮ್ಮ. ಬಣ್ಣ ಬೆರೆಸಿದ್ ಪುಡಿ ಹಿಂಗಿರ್ತದೆ." ಕಲಬೆರಕೆಗೆ ಹೆದರಿಯೇ ಜನ ಮನೆಪುಡಿ ಹುಡುಕಿಕೊಂಡು ಬರುವುದಲ್ಲವೇ? ಫಿಲ್ಟರ್ ಹೋಯಿತು. ನನಗಂತೂ ಆ ಮಂಕು ಕೆಂಪೇ ರುಚಿಯಾಗಿ ಕಂಡಿತು.

ಹಾಡಿನ ಆಸೆಯೂ ಈಡೇರಲಿಲ್ಲ. ವ್ಯಾಪಾರದ ಖಾತೆಗೆ ಹೆಸರಾದ ಸಿನಿಮಾ ಹಾಡುಗಳು ಸಿಗುವುದು ಕಷ್ಟ. ಧನಿಯಾದ ಸದ್ದೇ ಇರಲಿ, ಮೇಲೆ ಅತ್ತೆಯ ಎರಡು ಮಾತು ಸೇರಿಸೋಣ ಎಂದಾಯಿತು. ಊರಿನ ಹೆಸರು ಕೇಳಿದವರು ಇಲ್ಲಿ ಕೋಗಿಲೆ ಹುಡುಕುತ್ತಾರೆ. ರೆಕಾರ್ಡಿಂಗಿಗೆ ಬೀಳುವುದು ವಿಮಾನ. ಪಕ್ಕದಲ್ಲೇ ಯಲಹಂಕದ ವಾಯುನೆಲೆ, 1996ರಿಂದ ಏರೋ ಇಂಡಿಯಾ ನಡೆಯುವ ಜಾಗ. ಅತ್ತೆ "ನಮಸ್ಕಾರ, ಇದು ನಮ್ಮನೆ ಸಾರಿನ…" ಎನ್ನುವಷ್ಟರಲ್ಲಿ ಆಕಾಶ ಗುಡುಗಿ ಮಾತನ್ನೆಲ್ಲ ನುಂಗಿತು. ಮೂರನೆಯ ಸಲ ಇಬ್ಬರೂ ತಲೆಯ ಮೇಲೆ ರಗ್ಗು ಹೊದ್ದು, ಒಳಗೆ ಫೋನಿಟ್ಟುಕೊಂಡು ಹೇಳಿ ಮುಗಿಸಿದರು. ಹೊರಬಂದಾಗ ಬೆವರು, ಧ್ವನಿ ಮಾತ್ರ ರೇಡಿಯೊದಷ್ಟು ಚೊಕ್ಕ.

ಇನ್ನು ಸೀನಿದ ತುಣುಕು. ಸೊಸೆಯ ಬೆರಳು ಅಳಿಸುವ ಗುರುತಿನ ಮೇಲಿತ್ತು.

"ಏಯ್, ಈ ಸೀನು ಕತ್ತರಿಸಬೇಡ. ಸೀನದೇ ಮೆಣಸಿನಕಾಯಿ ಹುರಿದ್ರು ಅಂದ್ರೆ ಯಾರ್ ನಂಬ್ತಾರೆ?"

"ನಾಚಿಕೆ ಆಗುತ್ತೆ ಅತ್ತೆ!"

"ನಿನ್ ಮುಖ ಎಲ್ ಕಾಣ್ತದೆ? ಇರ್ಲಿ ಬಿಡು."

ಆ ಅಲುಗಾಟ, ಆ ನಗು ತುಣುಕುಗಳ ಸಾಲಿನ ಮೊದಲಿಗೇ ಬಂದು ಕೂತಿತು. ಬೆರಳು ಮೇಲಕ್ಕೆ ಸರಿಸುವ ಮುಂಚೆ ನೋಡುವವರನ್ನು ಹಿಡಿದು ನಿಲ್ಲಿಸಲು ಒಂದೆರಡು ಸೆಕೆಂಡಷ್ಟೇ ಸಿಗುವುದು.

ಸಂಜೆ ದೀಪ ಹಚ್ಚಿ, 28 ಸೆಕೆಂಡಿನ ವಿಡಿಯೊ ಹಾಕಿದರು. ಕಾಫಿ ಮುಗಿಯುವುದರೊಳಗೆ ಮೊದಲ ಕಮೆಂಟು ಬಂತು: "ರೇಟು ಎಷ್ಟು ಅಕ್ಕಾ?"

"ಬರ್ದಿದೀವಲ್ಲೇ! ಕಣ್ ಕಾಣಲ್ವ ಇವ್ರಿಗೆ?"

ಸೊಸೆ ತೆರೆದು ನೋಡಿ ನಾಲಿಗೆ ಕಚ್ಚಿಕೊಂಡಳು. ಕಾಲು ಕೆಜಿಯ ಬೆಲೆಯನ್ನು ಪರದೆಯ ತೀರ ಕೆಳಗೆ ಬರೆದಿದ್ದಳು. ಖಾತೆಯ ಹೆಸರು, ವಿವರಣೆ ಎಲ್ಲ ಬಂದು ಕೂರುವುದೂ ಅಲ್ಲೇ. ಬೆಲೆ ಅದರಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ವಿಡಿಯೊ ಅಳಿಸಿ, ಅಕ್ಷರಗಳನ್ನು ಎರಡು ಬೆರಳಿನಷ್ಟು ಮೇಲಕ್ಕೆ ಎಳೆದು ಮತ್ತೆ ಹಾಕಲು ಕೂತಳು. ಅತ್ತೆ ಅಷ್ಟರಲ್ಲಿ ಎದ್ದು, ಆರಿದ ಪುಡಿಗೆ ಚಮಚ ಹಾಕಿ, ತಕ್ಕಡಿ ಮುಂದೆಳೆದುಕೊಂಡಿದ್ದರು.