ಹಳೆ ಸಾಲ ಸೆಟಲ್‌ಮೆಂಟ್‌ನಲ್ಲಿದೆಯೇ? ಕಾರ್ ಲೋನ್ ಕೇಳುವ ಮುನ್ನ ಈ ವಿಷಯ ತಿಳಿದಿರಲಿ

ವಿಶಾಖಪಟ್ಟಣದ ಗಾಜುವಾಕದಲ್ಲಿ ಬಹಳಷ್ಟು ಮನೆಗಳ ತಿಂಗಳ ಲೆಕ್ಕಾಚಾರ ಉಕ್ಕಿನ ಕಾರ್ಖಾನೆಯ ಸಂಬಳದ ಮೇಲೆ ನಿಂತಿದೆ. 2024ರಲ್ಲಿ ವೈಜಾಗ್ ಸ್ಟೀಲ್ ನೌಕರರಿಗೆ ಕೆಲವು ತಿಂಗಳು ಸಂಬಳ ಒಮ್ಮೆಗೇ ಬರದೆ ಭಾಗ ಭಾಗವಾಗಿ ಬಂತು. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಗೆ ₹11,440 ಕೋಟಿ ಪುನಶ್ಚೇತನ ಪ್ಯಾಕೇಜ್ ಪ್ರಕಟಿಸಿತು. ಆದರೆ ಸಂಬಳ ತಡವಾಯಿತೆಂದು ಬ್ಯಾಂಕಿನ ಇಎಂಐ ದಿನಾಂಕ ಮುಂದೆ ಹೋಗುವುದಿಲ್ಲ.

ಇದು ಗಾಜುವಾಕದ ಕಥೆ ಮಾತ್ರವಲ್ಲ. ತೋರಣಗಲ್ಲು, ಭದ್ರಾವತಿ, ಪೀಣ್ಯದಲ್ಲೂ ಸಂಬಳ ನಿಂತಾಗ ಮೊದಲು ಏಟು ಬೀಳುವುದು ಪರ್ಸನಲ್ ಲೋನ್ ಮತ್ತು ಕ್ರೆಡಿಟ್ ಕಾರ್ಡ್ ಕಂತುಗಳಿಗೆ. ಕೊನೆಗೆ ಬ್ಯಾಂಕಿನ ಜತೆ ಮಾತುಕತೆ ನಡೆಸಿ ಒಂದು ಒಪ್ಪಂದಕ್ಕೆ ಬರುವವರು ಹಲವರು. ಅಷ್ಟರಲ್ಲಿ ಶಿಫ್ಟ್ ಕೆಲಸಕ್ಕೆ ಓಡಾಡಲು, ಬಾಡಿಗೆಗೆ ಓಡಿಸಲು ಅಥವಾ ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ಬೇಕಾಗುತ್ತದೆ. ಹಳೆ ಸಾಲ ಒಪ್ಪಂದದಲ್ಲಿರುವಾಗ ಹೊಸ ಕಾರ್ ಲೋನ್ ಸಿಗುತ್ತದೆಯೇ?

ಸಾಮಾನ್ಯ ಸಾಲಗಾರ ಹೊಸ ಸಾಲ ಕೇಳಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಸಾಲಕ್ಕೆ ಇಷ್ಟೇ ಸಿಬಿಲ್ ಅಂಕ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಕೂಡ ನಿಗದಿ ಮಾಡಿಲ್ಲ. ನಿರ್ಧಾರ ಬ್ಯಾಂಕಿನದು. ಆ ನಿರ್ಧಾರ ಹಳೆ ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲಿ ಯಾವ ಪದದಲ್ಲಿ ದಾಖಲಾಗಿದೆ ಎಂಬುದನ್ನು ಹೆಚ್ಚಾಗಿ ಅವಲಂಬಿಸಿರುತ್ತದೆ.

ಮೂರು ಒಪ್ಪಂದ, ಮೂರು ಪರಿಣಾಮ

ರೀಸ್ಟ್ರಕ್ಚರಿಂಗ್: ಇಲ್ಲಿ ಸಾಲ ಮನ್ನಾ ಆಗುವುದಿಲ್ಲ. ಅವಧಿ ಹೆಚ್ಚಿಸಿ ಕಂತು ಇಳಿಸಲಾಗುತ್ತದೆ. ಕೋವಿಡ್ ಕಾಲದಲ್ಲಿ 2020ರ ಆಗಸ್ಟ್ ಮತ್ತು 2021ರ ಮೇ ತಿಂಗಳಲ್ಲಿ ಆರ್‌ಬಿಐ ಇದಕ್ಕೆ ವಿಶೇಷ ಅವಕಾಶ ಕೊಟ್ಟಿತ್ತು. ವರದಿಯಲ್ಲಿ 'ರೀಸ್ಟ್ರಕ್ಚರ್ಡ್' ಎಂದು ಬಂದರೂ ಹೊಸ ಕಂತುಗಳನ್ನು ತಪ್ಪದೆ ಕಟ್ಟಿದ ದಾಖಲೆ ಇದ್ದರೆ ಬ್ಯಾಂಕ್ ಮಾತಿಗೆ ಸಿಗುತ್ತದೆ.

ಒನ್ ಟೈಮ್ ಸೆಟಲ್‌ಮೆಂಟ್: ಬಾಕಿಯಲ್ಲಿ ಒಂದು ಭಾಗ ಕಟ್ಟಿಸಿಕೊಂಡು ಉಳಿದದ್ದನ್ನು ಬ್ಯಾಂಕ್ ಬಿಟ್ಟುಕೊಡುತ್ತದೆ. ಕೈಗೆ ರಿಯಾಯಿತಿ ಸಿಕ್ಕರೂ ವರದಿಯಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬರುತ್ತದೆ. ಮುಂದೆ ಸಾಲ ಕೊಡುವವರು ಇದನ್ನು 'ಪೂರ್ತಿ ಕಟ್ಟಿಲ್ಲ' ಎಂದೇ ಓದುತ್ತಾರೆ. 2023ರ ಜೂನ್ 8ರ ಆರ್‌ಬಿಐ ಸುತ್ತೋಲೆ ಪ್ರಕಾರ, ಹೀಗೆ ರಾಜಿ ಮಾಡಿಕೊಂಡ ಗ್ರಾಹಕರಿಗೆ ಹೊಸ ಸಾಲ ಕೊಡುವ ಮುನ್ನ ಕನಿಷ್ಠ 12 ತಿಂಗಳ ಕೂಲಿಂಗ್ ಅವಧಿ ಇರಬೇಕು. ಬ್ಯಾಂಕ್ ಬಯಸಿದರೆ ಇದನ್ನು ಹೆಚ್ಚಿಸಬಹುದು. ಕೃಷಿ ಸಾಲಕ್ಕೆ ಈ 12 ತಿಂಗಳ ಮಿತಿ ಅನ್ವಯಿಸುವುದಿಲ್ಲ, ಅವಧಿಯನ್ನು ಬ್ಯಾಂಕಿನ ಆಡಳಿತ ಮಂಡಳಿಯೇ ನಿರ್ಧರಿಸುತ್ತದೆ.

ಕೋರ್ಟಿನಲ್ಲಿ ದಿವಾಳಿ ಅರ್ಜಿ: ಆಂಧ್ರದಲ್ಲಿ 'ಐಪಿ ಹಾಕುವುದು' ಎಂಬ ಮಾತು ಮನೆಮಾತು. ಐಪಿ ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್‌ನಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಯಿತು. ಹಾಗಾಗಿ ಗಾಜುವಾಕದ ನೌಕರನಿಗೂ ಬಳ್ಳಾರಿಯ ವ್ಯಾಪಾರಿಗೂ ಅನ್ವಯಿಸುತ್ತಿರುವುದು 1920ರ ಪ್ರಾವಿನ್ಶಿಯಲ್ ಇನ್‌ಸಾಲ್ವೆನ್ಸಿ ಕಾಯ್ದೆ. ಅದರ 72ನೇ ಸೆಕ್ಷನ್ ಪ್ರಕಾರ, ದಿವಾಳಿ ಎಂದು ಘೋಷಿತನಾಗಿ ಇನ್ನೂ ಬಿಡುಗಡೆ ಪಡೆಯದ ವ್ಯಕ್ತಿ ಆ ವಿಷಯ ತಿಳಿಸದೆ ₹50 ಅಥವಾ ಹೆಚ್ಚು ಸಾಲ ಪಡೆದರೆ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಶೋರೂಂನಲ್ಲಿ ಅರ್ಜಿಗೆ ಸಹಿ ಹಾಕುವ ಮುನ್ನ ಇದು ನೆನಪಿರಲಿ.

ಬಡ್ಡಿಯ ಲೆಕ್ಕ ಹಾಕಿ ನೋಡಿ

ಬ್ಯಾಂಕ್ ಬೇಡವೆಂದಾಗ ಕೆಲವು ಫೈನಾನ್ಸ್ ಕಂಪನಿಗಳು ಮುಂದೆ ಬರುತ್ತವೆ. ಕಾರೇ ಅಡಮಾನವಾಗಿರುವುದರಿಂದ ಅವು ಸಾಲ ಕೊಡಲು ಒಪ್ಪಬಹುದು. ಆದರೆ ಬಡ್ಡಿ ಹೆಚ್ಚು, ಡೌನ್ ಪೇಮೆಂಟ್ ಕೂಡ ಹೆಚ್ಚು ಕೇಳುತ್ತಾರೆ.

ಉದಾಹರಣೆಗೆ, 5 ವರ್ಷಕ್ಕೆ ₹6 ಲಕ್ಷ ಸಾಲ ಎಂದುಕೊಳ್ಳಿ. ಬಡ್ಡಿ ಶೇ 9 ಇದ್ದರೆ ಇಎಂಐ ಸುಮಾರು ₹12,455. ಅದೇ ಶೇ 15 ಆದರೆ ಸುಮಾರು ₹14,274. ತಿಂಗಳಿಗೆ ₹1,819 ವ್ಯತ್ಯಾಸ ಸಣ್ಣದೆನಿಸಬಹುದು. 60 ಕಂತು ಮುಗಿಯುವಾಗ ಹೆಚ್ಚುವರಿ ಹೊರೆ ₹1.09 ಲಕ್ಷ ದಾಟುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಾರಿನ ಇಎಂಐ ಕಟ್ಟಲು ಹೋಗಿ ಹಳೆ ಒಪ್ಪಂದದ ಕಂತು ತಪ್ಪಿದರೆ ಬ್ಯಾಂಕ್ ಒಪ್ಪಂದ ರದ್ದು ಮಾಡಿ ಪೂರ್ತಿ ಬಾಕಿ ಕೇಳಬಹುದು. ಕಾರಿನ ಕಂತು ನಿಂತರೆ ಗಾಡಿ ಜಪ್ತಿಯಾಗುತ್ತದೆ. ಹರಾಜಿನಲ್ಲಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನೂ ನೀವೇ ಕಟ್ಟಬೇಕು. ಕಾರೂ ಇಲ್ಲ, ಸಾಲವೂ ತೀರಿಲ್ಲ ಎಂಬ ಸ್ಥಿತಿ ಬರುತ್ತದೆ.

ಅರ್ಜಿ ಹಾಕುವ ಮುನ್ನ ಏನು ಮಾಡಬೇಕು?

* ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿ ನೀವೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ಒಟ್ಟಿಗೆ ಐದಾರು ಕಡೆ ಸಾಲದ ಅರ್ಜಿ ಹಾಕಿದರೆ ಕಡಿಮೆಯಾಗಬಹುದು.
* ಹಣ ಕಟ್ಟಿದ ಮೇಲೂ ಬಾಕಿ ತೋರಿಸುತ್ತಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ ಕೇಳುವ ಹಕ್ಕು ಇದೆ. ಅಲ್ಲೂ ನ್ಯಾಯ ಸಿಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ ಸಂಖ್ಯೆ 14448.
* 'ಸೆಟಲ್ಡ್' ಎಂದಿರುವ ಖಾತೆಯಲ್ಲಿ ಬ್ಯಾಂಕ್ ಬಿಟ್ಟುಕೊಟ್ಟ ಮೊತ್ತ ಎಷ್ಟು ಎಂದು ಕೇಳಿ. ಸಾಧ್ಯವಾದರೆ ಅದನ್ನೂ ಕಟ್ಟಿ, ನೋ ಡ್ಯೂಸ್ ಪತ್ರ ಪಡೆದು, 'ಕ್ಲೋಸ್ಡ್' ಎಂದು ಬದಲಿಸಲು ಲಿಖಿತವಾಗಿ ಕೇಳಿ. ಕಾರಿಗೆ ಕೂಡಿಟ್ಟ ಡೌನ್ ಪೇಮೆಂಟ್ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇರಲಾರದು.
* ಪತ್ನಿ ಅಥವಾ ಪತಿಯ ಹೆಸರಿನಲ್ಲಿ ಸಾಲ ಕೇಳಬಹುದು. ಆದರೆ ಹಳೆ ಸಾಲಕ್ಕೆ ಅವರೇ ಜಾಮೀನು ನಿಂತಿದ್ದರೆ ಅದು ಅವರ ವರದಿಯಲ್ಲೂ ಇರುತ್ತದೆ.
* ಅರ್ಜಿಯಲ್ಲಿ ಹಳೆ ಒಪ್ಪಂದವನ್ನು ಮುಚ್ಚಿಡಬೇಡಿ. ಒಪ್ಪಂದದ ಪತ್ರ, ಕಂತು ಕಟ್ಟಿದ ರಸೀದಿ, ಇತ್ತೀಚಿನ ಸಂಬಳದ ಚೀಟಿ ಜತೆಗಿಟ್ಟುಕೊಂಡು ಹೋಗಿ.
* ಸಾಲ ಮಂಜೂರಾದರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಶುಲ್ಕಗಳನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ.

'ಕಂತು ಕಟ್ಟುವುದು ನಿಲ್ಲಿಸಿ, ನಾವು ಸೆಟಲ್ ಮಾಡಿಸುತ್ತೇವೆ' ಎಂದು ಶುಲ್ಕ ಕೇಳುವ ಏಜೆಂಟರ ಬಗ್ಗೆ ಎಚ್ಚರವಿರಲಿ. ಮಾತುಕತೆಗೆ ನೀವೇ ಬ್ಯಾಂಕಿಗೆ ಹೋಗಬಹುದು, ಇಲ್ಲವೇ ಲೋಕ ಅದಾಲತ್‌ನಲ್ಲಿ ಬಗೆಹರಿಸಿಕೊಳ್ಳಬಹುದು. ಅಲ್ಲಿನ ತೀರ್ಮಾನಕ್ಕೆ ಸಿವಿಲ್ ಕೋರ್ಟ್ ಡಿಕ್ರಿಯ ಮಾನ್ಯತೆ ಇದೆ. ಆದರೆ ಅಲ್ಲಿ ಕಡಿಮೆ ಮೊತ್ತಕ್ಕೆ ಒಪ್ಪಿದರೂ ವರದಿಯಲ್ಲಿ 'ಸೆಟಲ್ಡ್' ಎಂದೇ ಬರಬಹುದು ಎಂಬುದು ಗೊತ್ತಿರಲಿ.

ಹಾಗಾದರೆ ಕಾರು ಯಾವಾಗ?

ರೀಸ್ಟ್ರಕ್ಚರ್ ಆದ ಸಾಲದ ಕಂತು ಸರಿಯಾಗಿ ಹೋಗುತ್ತಿದ್ದು, ಎರಡೂ ಇಎಂಐ ಕಳೆದ ಮೇಲೆ ಮನೆ ಖರ್ಚಿಗೆ ಹಣ ಉಳಿಯುವುದಾದರೆ ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲೇ ಮೊದಲು ವಿಚಾರಿಸಿ. ಸೆಟಲ್‌ಮೆಂಟ್ ಆಗಿದ್ದರೆ ಕನಿಷ್ಠ ಒಂದು ವರ್ಷ ಕಾಯುವುದು ಲೇಸು. ತೀರಾ ಅನಿವಾರ್ಯವಾದರೆ ಕೈಯಲ್ಲಿರುವ ಹಣಕ್ಕೆ ಸಿಗುವ ಹಳೆ ಗಾಡಿ ನೋಡಿ, ಆರ್‌ಸಿಯಲ್ಲಿ ಹಿಂದಿನ ಮಾಲೀಕರ ಸಾಲದ ನಮೂದು ತೆಗೆದಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ.