ಅನ್ನವಿಕ್ಕಿದ ಊರಿನ ರೈಲು ನಿಲ್ದಾಣ

ಮರದ ಪುಟ್ಟ ಕಟ್ಟಡ, ಒಂದೇ ಪ್ಲಾಟ್‌ಫಾರ್ಮ್. ಟಿಕೆಟ್ ಕೊಡುವವರಿಲ್ಲ, ಹಸಿರು ಬಾವುಟ ತೋರಿಸಲು ಸ್ಟೇಷನ್ ಮಾಸ್ತರರೂ ಇಲ್ಲ. ಒಂದೋ ಎರಡೋ ಬೋಗಿಯ ಡೀಸೆಲ್ ರೈಲು ಬಂದು, ಅರೆಗಳಿಗೆ ನಿಂತು ಹೊರಟಿತೆಂದರೆ ಮುಂದಿನ ರೈಲಿನವರೆಗೆ ಗದ್ದೆಯ ಕಪ್ಪೆಗಳದ್ದೇ ರಾಜ್ಯ. ಜಪಾನಿನ ಚಿಬಾ ಪ್ರಾಂತ್ಯದಲ್ಲಿ, ಇಚಿಹಾರಾ ನಗರಕ್ಕೆ ಸೇರಿದ ಗುಡ್ಡಗಾಡಿನಲ್ಲಿರುವ ಇಟಾಬು ನಿಲ್ದಾಣದ ದಿನಚರಿ ಇಷ್ಟೇ.

ಊರಿನ ಹೆಸರು ಬರೆಯಲು ಎರಡು ಅಕ್ಷರ ಸಾಕು: ಒಂದರ ಅರ್ಥ ‘ಅನ್ನ’, ಇನ್ನೊಂದರದ್ದು ‘ನೀಡು’. ಆದರೆ ಅದನ್ನು ‘ಇಟಾಬು’ ಎಂದು ಓದಬೇಕೆಂಬುದು ಹೊರಗಿನಿಂದ ಬಂದ ಜಪಾನಿಯರಿಗೂ ಹೊಳೆಯುವುದಿಲ್ಲ. ಹೆಸರಿನ ಹಿಂದೆ ಒಂದು ಕಥೆಯಿದೆ. ಕ್ರಿ.ಶ. 672ರ ಜಿನ್‌ಶಿನ್ ಯುದ್ಧದಲ್ಲಿ ಚಿಕ್ಕಪ್ಪನಿಗೆ ಸೋತ ಒಟೊಮೊ ರಾಜಕುಮಾರ ಪ್ರಾಣ ಕಳೆದುಕೊಂಡ ಎನ್ನುತ್ತದೆ ಇತಿಹಾಸ. ಇಲ್ಲಿಯ ಐತಿಹ್ಯ ಅದನ್ನು ಒಪ್ಪುವುದಿಲ್ಲ. ಅವನು ತಪ್ಪಿಸಿಕೊಂಡು ಈ ಬೆಟ್ಟಗಳ ನಡುವೆ ಬಂದನಂತೆ. ಹಸಿದು ಬಂದವನಿಗೆ ಹಳ್ಳಿಯವರು ಊಟ ಕೊಟ್ಟರಂತೆ. ಊರಿಗೆ ಆ ಹೆಸರೇ ನಿಂತಿತು.

ನಿಲ್ದಾಣ ಖಾಸಗಿ ಕಂಪನಿಯಾದ ಕೊಮಿನಾಟೊ ರೈಲ್ವೆಯದು. ಬೌದ್ಧ ಗುರು ನಿಚಿರೆನ್ ಹುಟ್ಟಿದ ಕಡಲತೀರದ ಊರು ಕೊಮಿನಾಟೊಗೆ ಯಾತ್ರಿಕರನ್ನು ಕರೆದೊಯ್ಯಬೇಕೆಂಬ ಆಸೆಯಿಂದ ಗೊಯಿ ಪಟ್ಟಣದಿಂದ ಹಳಿ ಹಾಕುತ್ತ ಬಂದರು. 1926ರ ಸೆಪ್ಟೆಂಬರ್‌ನಲ್ಲಿ ಇಟಾಬುಗೆ ರೈಲು ಬಂತು. 1928ರಲ್ಲಿ ಕಾಜುಸಾ ನಕಾನೊ ತಲುಪಿದ ಹಳಿ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಒಟ್ಟು 39.1 ಕಿ.ಮೀ. ದಾರಿ, ಹೆಸರಿನಲ್ಲಿರುವ ಊರಿಗೆ ಮಾತ್ರ ಈ ರೈಲು ಇಂದಿಗೂ ಹೋಗುವುದಿಲ್ಲ. ಮಾರ್ಗದ ಹಳೆಯ ನಿಲ್ದಾಣಗಳು, ಸೇತುವೆ, ಸುರಂಗ ಸೇರಿ 22 ರಚನೆಗಳು 2017ರಲ್ಲಿ ದೇಶದ ಸಾಂಸ್ಕೃತಿಕ ಆಸ್ತಿಗಳ ಪಟ್ಟಿ ಸೇರಿವೆ.

ಸಿಬ್ಬಂದಿ ಇಲ್ಲವೆಂದ ಮಾತ್ರಕ್ಕೆ ನಿಲ್ದಾಣ ಅನಾಥವಲ್ಲ. ಟಿಕೆಟ್ ಕೊಡುವ ಕೆಲಸ ರೈಲಿನೊಳಗಿನ ಕಂಡಕ್ಟರರದು. ನಿಲ್ದಾಣಗಳ ಹೆಸರು ಅಚ್ಚಾದ ತೆಳು ಚೀಟಿ ತೆಗೆದು, ಹತ್ತಿದ ಊರು, ಇಳಿಯುವ ಊರುಗಳಿಗೆ ಪಂಚ್‌ನಿಂದ ತೂತು ಹೊಡೆದು ಕೈಗಿಡುತ್ತಾರೆ.

ನಗರಾಡಳಿತದ ಉಪಚಾರ ಇನ್ನೂ ವಿಚಿತ್ರ. ನಿಲ್ದಾಣದ ಪಕ್ಕ 2012ರಲ್ಲಿ ಅದು ಒಂದು ಶೌಚಾಲಯ ಕಟ್ಟಿಸಿತು. ಸುಮಾರು 200 ಚದರ ಮೀಟರ್ ತೋಟ, ಸುತ್ತ ಆಳೆತ್ತರಕ್ಕೂ ಮಿಕ್ಕಿದ ಮರದ ದಿಮ್ಮಿಗಳ ಬೇಲಿ, ನಡುವೆ ಗಾಜಿನ ಕೋಣೆ, ಅದರೊಳಗೆ ಒಂದೇ ಒಂದು ಕಮೋಡ್! ಮಹಿಳೆಯರಿಗೆ ಮಾತ್ರ ಮೀಸಲು. ಬಾಗಿಲಿಗೆ ಅಗುಳಿ ಹಾಕಿಕೊಂಡರೆ ಹೂಗಿಡ, ಆಕಾಶ ಎಲ್ಲವೂ ಒಳಗಿದ್ದವರದೇ. ಸಂಕೋಚವಾದರೆ ಪರದೆ ಎಳೆದುಕೊಳ್ಳಬಹುದು. ಇದನ್ನು ರೂಪಿಸಿದ ವಾಸ್ತುಶಿಲ್ಪಿ ಸೊ ಫುಜಿಮೊಟೊ. 2025ರ ಒಸಾಕಾ ಎಕ್ಸ್‌ಪೋದಲ್ಲಿ ಸುಮಾರು ಎರಡು ಕಿ.ಮೀ. ಸುತ್ತಳತೆಯ, ಬಳೆಯಾಕಾರದ ಮರದ ಕಟ್ಟಡ ರೂಪಿಸಿದ್ದೂ ಅವರೇ.

ಉಳಿದದ್ದನ್ನು ಊರವರು ನೋಡಿಕೊಳ್ಳುತ್ತಾರೆ. ಹಳಿಯುದ್ದಕ್ಕೂ ಸಾಸಿವೆ ಜಾತಿಯ ನಾನೊಹಾನಾ ಬೆಳೆಸುವವರು ಸ್ಥಳೀಯ ಸ್ವಯಂಸೇವಕರು. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದ ಹೊತ್ತಿಗೆ ನೆಲವೆಲ್ಲ ಹಳದಿ, ಮೇಲೆ ಚೆರ್ರಿ ಹೂವಿನ ತಿಳಿಗುಲಾಬಿ. ಸಂಜೆ ಮರಗಳಿಗೆ ದೀಪ ಹಾಕುತ್ತಾರೆ. ನೀರು ಕಟ್ಟಿದ ಗದ್ದೆಯಲ್ಲಿ ಹೂವೂ ದೀಪವೂ ತಲೆಕೆಳಗಾಗಿ ನಿಂತಿರುವಾಗ, ಕೆಂಪು-ಕೆನೆ ಬಣ್ಣದ ರೈಲು ಬರುತ್ತದೆ. ನೀರಿನೊಳಗೆ ಇನ್ನೊಂದು ರೈಲು ಜೊತೆಗೂಡುತ್ತದೆ. ಆ ಒಂದು ಚಿತ್ರಕ್ಕಾಗಿ ಗದ್ದೆಯ ಬದುವಿನಲ್ಲಿ ಕ್ಯಾಮೆರಾಗಳು ಕಾದಿರುತ್ತವೆ.

ಹೋಗುವವರು ಟೋಕಿಯೊದಿಂದ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಗೊಯಿ ತಲುಪಿ, ಅಲ್ಲಿ ಕೊಮಿನಾಟೊ ರೈಲು ಹತ್ತಬೇಕು. ಅಲ್ಲಿಂದ ಇಟಾಬು ಸುಮಾರು 27 ಕಿ.ಮೀ. ಒಳನಾಡಿಗೆ ರೈಲು ವಿರಳ, ವಾಪಸಾಗುವ ಹೊತ್ತನ್ನು ಮೊದಲೇ ನೋಡಿಕೊಂಡಿರಿ. ಹಾಗೆಯೇ, ಹೆಸರನ್ನು ನಂಬಿ ಬರಿಗೈಯಲ್ಲಿ ಹೋಗಬೇಡಿ. ರಾಜಕುಮಾರನಿಗೆ ಊಟ ಬಡಿಸಿದ ಊರಾದರೂ ನಿಲ್ದಾಣದಲ್ಲಿ ತಿನ್ನಲು ಏನೂ ಸಿಗದು. ಬುತ್ತಿ ಕಟ್ಟಿಕೊಂಡೇ ರೈಲು ಹತ್ತಿ.